ಕೇಳದೆ ಆನ್ ಆಗುವ ತಂಬೂರಿ

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತದೆ, ಕೆಲವರದರಲ್ಲಿ ವಿದೇಶ ಪ್ರಯಾಣ. ನನ್ನ ಜಾತಕದಲ್ಲಿ ಇರುವುದು ಗೆಳೆಯನೊಬ್ಬನ ಪ್ರಯೋಗಗಳು. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ, ಅದೂ ಬೇರೆಯವರ ಮನೆಯಲ್ಲಿ.

ವಿಷಯ ಇಷ್ಟೇ. ನಾನೂ ಅವನೂ ಸೇರಿ ಮೊಬೈಲಿನಲ್ಲಿ ತಂಬೂರಿ ನುಡಿಸುವ ಆ್ಯಪ್ ಒಂದನ್ನು ಮಾಡಿದ್ದೇವೆ. ಹಾಡುವವರು ತಮ್ಮ ಶ್ರುತಿ ಆರಿಸಿಕೊಂಡು ಗುಂಡಿ ಒತ್ತಿದರೆ ಅದು ಒಂದೇ ಸಮನೆ ಮೀಟುತ್ತಾ ಇರುತ್ತದೆ. ಅಷ್ಟೇ ಅದರ ಕೆಲಸ. ಇದು ಓಪನ್ ಸೋರ್ಸ್. ಅಂದರೆ ದುಡ್ಡು ಕೇಳುವುದಿಲ್ಲ, ಒಳಗೆ ಬರೆದದ್ದೆಲ್ಲ ಎಲ್ಲರಿಗೂ ಕಾಣುತ್ತದೆ, ಯಾವ ಊರಿನವರು ಬೇಕಾದರೂ ತಿದ್ದಿ ಕಳಿಸಬಹುದು. ಪುಗಸಟ್ಟೆ ಕೊಟ್ಟರೆ ಜನ ಸುಮ್ಮನಿರುತ್ತಾರೆ ಅಂದುಕೊಂಡಿದ್ದೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸುವ ಗಾದೆ ನಮ್ಮ ಭಾಷೆಯಲ್ಲೇ ಇದೆ ಅನ್ನುವುದು ಮರೆತುಹೋಗಿತ್ತು.

ಹೊಸದಾಗಿ ಏನಾದರೂ ಸೇರಿಸಿದಾಗ ಅದು ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಬರೆದವನಿಗೂ ಗೊತ್ತಿರುವುದಿಲ್ಲ. ಅಂಥ ಅರೆಬೆಂದ ಪ್ರಯೋಗವನ್ನು ಮೊದಲಿಂದಲೇ ಆನ್ ಮಾಡಿ ಜನರಿಗೆ ಕೊಡಬೇಕೋ, ಆಫ್ ಮಾಡಿಟ್ಟು ಬೇಕಾದವರು ಆನ್ ಮಾಡಿಕೊಳ್ಳಲಿ ಅಂತ ಬಿಡಬೇಕೋ? ಯಾರೂ ಏನೂ ಮುಟ್ಟದಿದ್ದಾಗ ತಾನಾಗಿ ಇರುವ ಆ ಸ್ಥಿತಿಗೆ ನಮ್ಮ ಕಸುಬಿನವರು ಡೀಫಾಲ್ಟ್ ಅನ್ನುತ್ತಾರೆ. ಗೆಳೆಯ ಆನ್ ಪಕ್ಷ, ನಾನು ಆಫ್ ಪಕ್ಷ. ಅವನು ಮಲ್ಲೇಶ್ವರದಲ್ಲಿದ್ದಾನೆ, ನಾನು ಶಂಕರಪುರದಲ್ಲಿದ್ದೇನೆ. ಪ್ರತಿ ಭಾನುವಾರ ಅವನು ಮೆಟ್ರೋ ಹತ್ತಿ ಗಾಂಧಿಬಜಾರಿಗೆ ಬರುತ್ತಾನೆ, ಹೋಟೆಲಿನಲ್ಲಿ ಕೂತು ನಾವು ಜಗಳವಾಡುತ್ತೇವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಯಾರು ಎತ್ತು, ಯಾರು ಕೋಣ ಅನ್ನುವುದರಲ್ಲೂ ನಮಗೆ ಒಮ್ಮತವಿಲ್ಲ.

ಇದೆಲ್ಲ ನಮ್ಮಿಬ್ಬರ ಹರಟೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ನಡುವೆ ನನ್ನ ಅಕ್ಕ ಇದ್ದಾಳೆ. ಚಾಮರಾಜಪೇಟೆಯ ತನ್ನ ಮನೆಯ ನಡುಮನೆಯಲ್ಲಿ ವರ್ಷಾನುಗಟ್ಟಲೆಯಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಾಳೆ. ಅವಳ ಹತ್ತಿರ ಕಲಿತವರು ವೇದಿಕೆ ಹತ್ತಿದ್ದಾರೆ, ಅವರ ಹತ್ತಿರ ಕಲಿತವರೂ ಹತ್ತಿದ್ದಾರೆ. ಅವಳು ಮಾತ್ರ ಗೃಹಪ್ರವೇಶ, ಸೀಮಂತ, ಗೌರಿ ಹಬ್ಬದ ಆರತಿ ಇಷ್ಟರಲ್ಲೇ ಉಳಿದಿದ್ದಳು. ಈ ಸಲ ದಸರಾ ಮುಗಿಯುವ ಹೊತ್ತಿಗೆ ಅವಳಿಗೊಂದು ಕರೆ ಬಂತು. ರಾಮನವಮಿಯ ಪೆಂಡಾಲಿನಲ್ಲಿ, ಸಂಜೆಯ ಹೊತ್ತು, ಪೂರ್ತಿ ಕಚೇರಿ.

"ಅವತ್ತು ನಿಮ್ಮ ತಂಬೂರಿನೇ ಇಟ್ಕೊಂಡು ಹಾಡ್ತೀನಿ ಕಣೋ," ಅಂದಳು. "ನನ್ನ ತಮ್ಮ ಮಾಡಿದ್ದು ಅಂತ ಎಲ್ಲರಿಗೂ ಹೇಳ್ತೀನಿ. ಏನಾದ್ರೂ ಕಿತಾಪತಿ ಮಾಡ್ತೋ, ಅದನ್ನೂ ನನ್ನ ತಮ್ಮನೇ ಮಾಡಿದ್ದು ಅಂತ ಹೇಳ್ತೀನಿ."

ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಬೆನ್ನು ಹತ್ತಿದ ತಂಬೂರಿ

ಗೆಳೆಯನ ಮೊದಲ ಪ್ರಯೋಗ, ಹಾಡುವವರನ್ನು ಅನುಸರಿಸುವ ತಂಬೂರಿ. ಹಾಡುತ್ತಾ ಹಾಡುತ್ತಾ ಶ್ರುತಿ ಸ್ವಲ್ಪ ಜಾರಿದರೆ ತಂಬೂರಿಯೂ ಕೇಳಿಸಿಕೊಂಡು ಅಷ್ಟೇ ಜಾರಿ ಬಂದು ಜೊತೆ ಸೇರುತ್ತದೆ.

"ಅದಕ್ಕೆ ತಂಬೂರಿ ಯಾಕೋ ಬೇಕು?" ಅಂದೆ. "ಹಾಡೋರು ತಪ್ಪಬಾರದು ಅಂತ ತಾನೇ ಅದು ಇರೋದು?"

"ಮನುಷ್ಯ ಅಂದ್ಮೇಲೆ ತಪ್ತಾನೆ ಗುರು. ಜೊತೇಲಿರೋರು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು."

"ಸರಿ, ಆಫ್ ಮಾಡಿಟ್ಟು ಕೊಡು."

"ಆಫ್ ಇಟ್ರೆ ಯಾರೂ ಮುಟ್ಟಲ್ಲ. ಯಾರೂ ಮುಟ್ಟದೆ ಇದ್ರೆ ತಪ್ಪು ಎಲ್ಲಿದೆ ಅಂತ ನಮಗೆ ಗೊತ್ತಾಗಲ್ಲ. ತಪ್ಪು ಗೊತ್ತಾಗದೆ ಇದ್ರೆ ಅದು ಯಾವತ್ತೂ ಪ್ರಯೋಗವಾಗೇ ಉಳಿಯುತ್ತೆ," ಅಂದು ಆನ್ ಮಾಡಿಯೇ ಬಿಟ್ಟ. ತರ್ಕದಲ್ಲಿ ಅವನನ್ನು ಸೋಲಿಸುವುದು ಕಷ್ಟ. ಅವನು ಸೋಲುವುದು ಬೀದಿಯಲ್ಲಿ.

ಮೂರು ವಾರ ಯಾವ ತೊಂದರೆಯೂ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಅಕ್ಕನ ಮನೆಯಲ್ಲಿ ಪಾಠ ನಡೆಯುತ್ತಿತ್ತು. ಮಕ್ಕಳು ಸಾಲಾಗಿ ಕೂತು ಸರಳೆ ವರಸೆ ಹೇಳುತ್ತಿದ್ದರು. ಅವತ್ತು ಕಸದ ಗಾಡಿ ಪಾಠದ ಹೊತ್ತಿಗೇ ಬಂತು. ಬೆಂಗಳೂರಿನ ಕಸದ ಗಾಡಿ ಸುಮ್ಮನೆ ಬರುವುದಿಲ್ಲ, ಮೈಕಿನಲ್ಲಿ ಹಾಡು ಹಾಕಿಕೊಂಡು ಬರುತ್ತದೆ. ಮಕ್ಕಳ ಧ್ವನಿಗಿಂತ ಗಾಡಿಯ ಧ್ವನಿ ಜೋರು. ನಮ್ಮ ತಂಬೂರಿ ಅಲ್ಲಿ ಹಾಡುತ್ತಿರುವವರು ಯಾರು ಅಂತ ವಿಚಾರ ಮಾಡಿತು, ಗಾಡಿಯೇ ಅಂತ ತೀರ್ಮಾನಿಸಿ ಅದರ ಬೆನ್ನು ಹತ್ತಿತು. ಗಾಡಿಯ ಹಾಡು ಏರಿದರೆ ಏರಿತು, ಇಳಿದರೆ ಇಳಿಯಿತು. ತಂಬೂರಿ ಹೇಗೋ ಹಾಗೆ ಹಾಡಬೇಕು ಅಂತ ಅಕ್ಕನೇ ಕಲಿಸಿದ್ದಳಲ್ಲ, ಮಕ್ಕಳೂ ಶ್ರದ್ಧೆಯಿಂದ ಅದರ ಹಿಂದೆ ಹೋದವು.

ಭಾವ ಅಡುಗೆಮನೆಯಿಂದ ಕಸದ ಬುಟ್ಟಿ ತಂದು ಗಾಡಿಗೆ ಸುರಿದು ಒಳಗೆ ಬಂದು ಕೂತರು. ಗಾಡಿ ಮುಂದಿನ ಬೀದಿಗೆ ಹೋಯಿತು. ಮಕ್ಕಳಿಗೆ ಆ ಧಾಟಿ ಬಾಯಿಗೆ ಹತ್ತಿಬಿಟ್ಟಿತ್ತು, ಅವು ನಿಲ್ಲಿಸಲಿಲ್ಲ. ತಂಬೂರಿ ಈಗ ಮಕ್ಕಳ ಬೆನ್ನು ಹತ್ತಿತು. ಭಾವ ಪೇಪರಿನಿಂದ ತಲೆ ಎತ್ತಿ, "ಮತ್ತೆ ಬಂತಾ?" ಅಂತ ಸ್ನಾನದ ಮನೆಯಲ್ಲಿದ್ದ ಬುಟ್ಟಿಯನ್ನೂ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ನಿಂತರು. ಬೀದಿ ಖಾಲಿ. ಸುಮಾರು ಹೊತ್ತು ಆ ಕಡೆ ಈ ಕಡೆ ನೋಡಿ, ಬುಟ್ಟಿ ಹಿಡಿದುಕೊಂಡೇ ನಡುಮನೆಗೆ ಬಂದು ಅಕ್ಕನನ್ನು ಕೇಳಿದರು.

"ಇದನ್ನ ಇಲ್ಲಿ ಯಾರಿಗೆ ಕೊಡ್ಬೇಕು?"

ತಂಬೂರಿಯ ಮೇಲೆ ದೂರು

ಆ ಪ್ರಯೋಗವನ್ನು ಅವತ್ತೇ ಆಫ್ ಮಾಡಿಸಿದೆ. ಇನ್ನು ನೆಮ್ಮದಿ ಅಂದುಕೊಂಡೆ. ಆಮೇಲೆ ಶುರುವಾಯಿತು ನೋಡಿ ನಿಜವಾದ ದೂರು.

ವಿಶ್ವೇಶ್ವರಪುರದ ಒಬ್ಬ ಹಿರಿಯರು ಫೋನ್ ಮಾಡಿದರು. ಆಡಿಟರ್ ಆಗಿ ನಿವೃತ್ತರಾದವರು, ದಿನಾ ಮುಂಜಾನೆ ಹಾಡುವ ಅಭ್ಯಾಸ. "ನಿಮ್ಮ ತಂಬೂರಿ ಮೊದಲು ಬಹಳ ಚೆನ್ನಾಗಿತ್ತು. ನನ್ನ ಜೊತೆ ಹಾಲಿಗೆ ಸಕ್ಕರೆ ಬೆರೆತ ಹಾಗೆ ಸೇರ್ತಿತ್ತು. ಈಗ ಎರಡು ವಾರದಿಂದ ಅದು ಶ್ರುತಿ ಬಿಡ್ತಿದೆ. ಸ್ವಲ್ಪ ಬಂದು ನೋಡಿ," ಅಂದರು.

ಗೆಳೆಯನನ್ನೂ ಎಳೆದುಕೊಂಡು ಹೋದೆ. ಅವರು ನಮ್ಮನ್ನು ಕೂರಿಸಿ, ತಂಬೂರಿ ಹಾಕಿ, ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲ ಸಾಲಿನಲ್ಲಿ ಇಬ್ಬರೂ ಜೊತೆಗಿದ್ದರು. ಎರಡನೆಯ ಸಾಲಿಗೆ ಹಿರಿಯರು ಮೆಲ್ಲಗೆ ಮೆಟ್ಟಿಲು ಇಳಿಯತೊಡಗಿದರು. ತಂಬೂರಿ ಮಹಡಿಯ ಮೇಲೇ ನಿಂತಿತ್ತು. ಚರಣದ ಹೊತ್ತಿಗೆ ಅವರು ನೆಲಮಾಳಿಗೆ ತಲುಪಿದ್ದರು.

ಹಾಡು ನಿಲ್ಲಿಸಿ ನಮ್ಮನ್ನು ನೋಡಿದರು. "ಕೇಳಿದ್ರಾ? ಹೇಗೆ ಮೇಲೆ ಮೇಲೆ ಹೋಗ್ತಿದೆ ನಿಮ್ಮ ತಂಬೂರಿ!"

ಅವರಿಗೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ನಾನು ಗೆಳೆಯನನ್ನು ನೋಡಿದೆ, ಅವನು ಗೋಡೆ ಗಡಿಯಾರ ನೋಡಿದ. ಕೊನೆಗೆ, "ಚೆಕ್ ಮಾಡ್ತೀವಿ ಸಾರ್," ಅಂತ ಎದ್ದೆವು. ದಾರಿಯುದ್ದಕ್ಕೂ ಅವನು, "ಆನ್ ಇದ್ದಾಗ ಒಬ್ಬರಾದ್ರೂ ದೂರು ಕೊಟ್ಟಿದ್ರಾ?" ಅಂತ ನನ್ನನ್ನು ಹಂಗಿಸುತ್ತಾನೆ ಅನ್ನುವುದು ಗೊತ್ತೇ ಇತ್ತು. ಅದಕ್ಕೇ ಅವನಿಗಿಂತ ಮುಂದೆ ನಡೆದುಬಿಡೋಣ ಅಂತ ನಾನು ಬೇಗ ಬೇಗ ಚಪ್ಪಲಿ ಮೆಟ್ಟುತ್ತಿದ್ದೆ.

ಅಷ್ಟರಲ್ಲಿ ಅವರ ಮನೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೇಟಿನವರೆಗೂ ಓಡಿಬಂದರು. ಧ್ವನಿ ತಗ್ಗಿಸಿ, "ನಿಮಗೆ ಪುಣ್ಯ ಬರುತ್ತೆ, ಹಳೇದನ್ನೇ ಹಾಕ್ಕೊಡಿ ಮಾರಾಯ್ರೇ," ಅಂದರು.

"ಯಾಕಮ್ಮ, ನಿಮಗೂ ಅದೇ ಚೆನ್ನಾಗಿತ್ತಾ?" ಅಂದ ಗೆಳೆಯ, ಗೆದ್ದ ಉತ್ಸಾಹದಲ್ಲಿ.

"ಚೆನ್ನಾಗಿರೋದು ಯಾರಿಗೆ ಬೇಕು? ಅದಿದ್ದಾಗ ಅರ್ಧ ಗಂಟೇಲಿ ಮುಗಿಸಿ ಏಳ್ತಿದ್ರು. ಈಗ ಶ್ರುತಿ ಸೇರೋ ತನಕ ಏಳಲ್ಲ ಅಂತ ಕೂತಿದಾರೆ!"

ಇನ್ನೂ ಇದ್ದೀರಾ?

ಪ್ರಯೋಗಗಳೆಲ್ಲ ಗೆಳೆಯನ ತಲೆಯಿಂದಲೇ ಬರುತ್ತವೆ ಅಂದರೆ ಅನ್ಯಾಯವಾಗುತ್ತದೆ. ಓಪನ್ ಸೋರ್ಸ್ ಅಂದ ಮೇಲೆ ಊರ ಬಾಗಿಲು ತೆಗೆದಿಟ್ಟ ಹಾಗೆ. ಯಾವುದೋ ಚಳಿ ದೇಶದಿಂದ ಒಬ್ಬ ಪುಣ್ಯಾತ್ಮ ಒಂದು ತಿದ್ದುಪಡಿ ಕಳಿಸಿದ. ಅವನು ತಂಬೂರಿಯನ್ನು ಕಣ್ಣಾರೆ ಕಂಡಿದ್ದಾನೋ ಇಲ್ಲವೋ ತಿಳಿಯದು. ಹಾಡುವವರು ಎದ್ದು ಹೋದರೂ ತಂಬೂರಿ ಮೊಳಗುತ್ತಲೇ ಇದ್ದು ಬ್ಯಾಟರಿ ಖಾಲಿಯಾಗುತ್ತದಲ್ಲ ಅಂತ ಅವನಿಗೆ ಹೊಟ್ಟೆ ಉರಿದಿತ್ತು. ಬಹಳ ಹೊತ್ತು ಯಾರ ಧ್ವನಿಯೂ ಕೇಳಿಸದಿದ್ದರೆ ತಂಬೂರಿ ನಿಂತು, ಇನ್ನೂ ಇದ್ದೀರಾ ಅಂತ ವಿಚಾರಿಸುವ ಹಾಗೆ ಮಾಡಿದ್ದ.

ಗೆಳೆಯನಿಗೆ ಕಣ್ಣಲ್ಲಿ ನೀರೇ ಬಂತು. "ಸಾವಿರಾರು ಮೈಲಿ ದೂರದಿಂದ ನಮ್ಮ ಬ್ಯಾಟರಿ ಬಗ್ಗೆ ಯೋಚನೆ ಮಾಡಿದಾನೆ ಗುರು, ಅದನ್ನ ಆಫ್ ಮಾಡಿಡೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?" ಅಂದ. ತನ್ನ ಚಿಕ್ಕಪ್ಪನ ಹತ್ತಿರ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿಸಿ, ರೆಕಾರ್ಡ್ ಮಾಡಿ ಆ್ಯಪಿಗೆ ಸೇರಿಸಿದ. ಚಿಕ್ಕಪ್ಪ ನಶ್ಯದ ಮನುಷ್ಯ. ಅವರ ಧ್ವನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ.

ಬಸವನಗುಡಿಯಲ್ಲಿ ಹಿರಿಯ ನಾಗರಿಕರ ಒಂದು ಧ್ಯಾನದ ಕೂಟ ಇದೆ. ಅವರು ನಮ್ಮ ತಂಬೂರಿ ಹಾಕಿಕೊಂಡು ಧ್ಯಾನ ಮಾಡುತ್ತಾರೆ. ದೊಡ್ಡ ಸ್ಪೀಕರಿಗೆ ಜೋಡಿಸಿಕೊಡಲು ಅವತ್ತು ನನ್ನನ್ನೇ ಕರೆದಿದ್ದರು. ಜೋಡಿಸಿ, ನಾನೂ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತೆ. ನಿಜ ಹೇಳಬೇಕೆಂದರೆ ಬಹಳ ಹಿತವಾಗಿತ್ತು. ಹಾಲಿನಲ್ಲಿ ಫ್ಯಾನಿನ ಸದ್ದು, ತಂಬೂರಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಇದ್ದಕ್ಕಿದ್ದ ಹಾಗೆ ತಂಬೂರಿ ನಿಂತಿತು. ಮೇಲಿನಿಂದ ಗಂಭೀರವಾದ ಧ್ವನಿಯೊಂದು ಕೇಳಿತು.

"ಇನ್ನೂ ಇದ್ದೀರಾ?"

ಹಾಲಿಗೆ ಹಾಲೇ ಬೆಚ್ಚಿಬಿತ್ತು. ಒಬ್ಬರು ಎರಡೂ ಕೈ ಜೋಡಿಸಿ, "ಇದೀನಿ ಸ್ವಾಮಿ," ಅಂದರು. ಇನ್ನೊಬ್ಬರು, "ಇದೀನಿ, ಮೊಮ್ಮಗಳ ಮದುವೆ ಒಂದು ಬಾಕಿ ಇದೆ," ಅಂತ ವಿವರಣೆಯನ್ನೂ ಕೊಟ್ಟರು. ಆ ಕಡೆಯಿಂದ ಈ ಕಡೆಯಿಂದ ಇದೀನಿ ಇದೀನಿ ಅಂತ ಹಾಜರಿ ಬರತೊಡಗಿತು. ಮುಂದಿನ ಸಾಲಿನ ಹಿರಿಯರೊಬ್ಬರು ಮಾತ್ರ ಕಣ್ಣು ಬಿಡಲಿಲ್ಲ, ಬಾಯಿಯೂ ಬಿಡಲಿಲ್ಲ. ಎಲ್ಲರಿಗೂ ಗಾಬರಿ. ಯಾರೋ ಭುಜ ಅಲುಗಿಸಿದರು, ಯಾರೋ ನೀರು ತಂದರು. ನಮ್ಮ ಆ್ಯಪಿನಿಂದ ಒಂದು ಜೀವ ಹೋಯಿತಲ್ಲಪ್ಪಾ ಅಂತ ದೇವರನ್ನು ನೆನೆದೆ.

ಆಮೇಲೆ ಅವರು ಒಂದೇ ಕಣ್ಣು ತೆರೆದು ಪಕ್ಕದವರ ಕಿವಿಯಲ್ಲಿ ಕೇಳಿದರು, "ಹೋದ್ನಾ?"

"ಯಾರು ಸಾರ್?"

"ಕೇಳಿದೋನು. ಇದೀನಿ ಅಂದ್ರೆ ಕರ್ಕೊಂಡು ಹೋಗ್ಬಿಡ್ತಾನೇನೋ ಅಂತ ಸುಮ್ನೆ ಕೂತಿದ್ದೆ!"

ಡಿಪ್ಪೋ ಸೆಪರೇಟೋ

ಯುಗಾದಿ ಹತ್ತಿರ ಬಂತು. ರಾಮನವಮಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅಕ್ಕ ಮೂರು ಹೊತ್ತೂ ಸಾಧನೆಯಲ್ಲಿದ್ದಳು. ಕಲ್ಯಾಣಿ ರಾಗದ ಒಂದು ದೊಡ್ಡ ಕೃತಿಯನ್ನು ಕಚೇರಿಯ ಮಧ್ಯಭಾಗಕ್ಕೆ ಇಟ್ಟುಕೊಂಡಿದ್ದಳು, ದಸರಾದಿಂದಲೂ ಅದನ್ನೇ ತಿದ್ದಿ ತೀಡುತ್ತಿದ್ದಳು. "ಇದೊಂದು ಸಲ ನಾಲ್ಕು ಜನರ ಮುಂದೆ ನೆಟ್ಟಗೆ ಹಾಡ್ಬಿಟ್ರೆ ಸಾಕು ಕಣೋ, ಇನ್ನೇನೂ ಕೇಳಲ್ಲ," ಅಂದಳು. ಈ ಭಾನುವಾರ ಗೆಳೆಯನ ಹತ್ತಿರ ಖಡಾಖಂಡಿತವಾಗಿ ಮಾತಾಡಲೇಬೇಕು ಅಂತ ಹೋಟೆಲಿಗೆ ಹೋದೆ.

ಸಪ್ಲೈಯರ್ ಬಂದು ಕೇಳಿದರು, "ಇಡ್ಲಿ ವಡೆ ಡಿಪ್ಪಾ, ಸೆಪರೇಟಾ ಸಾರ್?"

ನನಗೆ ಜ್ಞಾನೋದಯವಾಯಿತು. "ನೋಡು," ಅಂದೆ ಗೆಳೆಯನಿಗೆ. "ಇವರು ಕೇಳ್ತಾರೆ. ಕೇಳದೆ ಇದ್ರೆ ಏನು ಕೊಡ್ಬೇಕು? ಸೆಪರೇಟೇ ಕೊಡ್ಬೇಕು. ಡಿಪ್ ಬೇಕಾದೋನು ತಾನೇ ಸಾಂಬಾರ್ ಸುರ್ಕೋತಾನೆ. ಒಂದ್ಸಲ ಮುಳುಗಿಸಿ ಕೊಟ್ಟ ವಡೇನ ಯಾವ ತಾತ ಬಂದ್ರೂ ಗರಿಗರಿ ಮಾಡಕ್ಕಾಗಲ್ಲ. ನಿನ್ನ ಪ್ರಯೋಗನೂ ಅಷ್ಟೇ."

"ಎಲ್ಲರಿಗೂ ಸೆಪರೇಟ್ ಕೊಟ್ಟಿದ್ರೆ ಡಿಪ್ ಅನ್ನೋ ಸುಖ ಲೋಕಕ್ಕೆ ಗೊತ್ತೇ ಆಗ್ತಿರ್ಲಿಲ್ಲ," ಅಂದ ಅವನು. "ಯಾರೋ ಒಬ್ಬ ಧೈರ್ಯ ಮಾಡಿ ಕೇಳದೆ ಮುಳುಗಿಸಿದ್ದಕ್ಕೇ ಇವತ್ತು ಊರು ತಿಂತಿರೋದು."

ಪಕ್ಕದ ಮೇಜಿನವರು ತಡೆಯಲಾರದೆ ತಿರುಗಿದರು. "ಕ್ಷಮಿಸಿ, ನೀವು ಹೇಳೋದು ಸರಿ. ವಡೆ ಅಂದ್ರೆ ಗರಿಗರಿ ಇರ್ಬೇಕು." ಅವರ ಎದುರಿಗೆ ಕೂತಿದ್ದ ಅವರ ಹೆಂಡತಿ, "ಮನೇಲಿ ನಾನು ಮಾಡಿದ್ದು ಗರಿಗರಿ ಇದ್ರೆ ಹಲ್ಲು ನೋವು ಅಂತೀರಿ," ಅಂದರು. ಹಿಂದಿನ ಮೇಜಿನಿಂದ ಒಬ್ಬರು ಅರ್ಧ ಮುಳುಗಿಸುವ ಪದ್ಧತಿಯನ್ನು ಪ್ರತಿಪಾದಿಸಿದರು. ಬಾಗಿಲ ಹತ್ತಿರದ ಗುಂಪು ಅದನ್ನು ಖಂಡಿಸಿತು. ಹೋಟೆಲು ಎರಡು ಹೋಳಾಯಿತು. ಸಪ್ಲೈಯರ್ ಬೇರೆ ಮೇಜುಗಳಿಗೆ ತಟ್ಟೆ ಸಾಗಿಸುತ್ತಿದ್ದರು. ಓಪನ್ ಸೋರ್ಸಿನ ಹೆಸರೇ ಕೇಳದವರೂ ಡೀಫಾಲ್ಟಿನ ಬಗ್ಗೆ ಇಷ್ಟು ಆಳವಾಗಿ ಯೋಚಿಸಿದ್ದಾರೆ ಅನ್ನುವುದು ನನಗೆ ಅವತ್ತೇ ತಿಳಿದದ್ದು.

ಗದ್ದಲದ ಮಧ್ಯೆ ಗೆಳೆಯ ಸೋತ. ಅಕ್ಕನ ಕಚೇರಿ ಅನ್ನುವ ಮಾತು ಬಂದಾಗ ಅವನೂ ಮೆತ್ತಗಾದ, ಅವಳ ಕೈಯ ಕಾಫಿ ಅವನೂ ಬಹಳ ಕುಡಿದಿದ್ದಾನೆ. "ಆಯ್ತು ಗುರು. ಪ್ರಯೋಗ ಎಲ್ಲಾ ಆಫ್. ಬೇಕಾದೋರು ಆನ್ ಮಾಡ್ಕೊಳ್ಳಲಿ," ಅಂತ ಕೈಮೇಲೆ ಕೈ ಹಾಕಿದ. ನಾನು ದಿಗ್ವಿಜಯ ಮುಗಿಸಿದವನ ಹಾಗೆ ಸಪ್ಲೈಯರ್ ಕಡೆ ತಿರುಗಿ, "ಸೆಪರೇಟ್!" ಅಂದೆ.

"ವಡೆ ಖಾಲಿ ಆಯ್ತು ಸಾರ್. ಉಪ್ಪಿಟ್ಟಿದೆ, ಕೊಡ್ಲಾ?"

ಭೇಷ್

ರಾಮನವಮಿ ಬಂತು. ಪೆಂಡಾಲಿನಲ್ಲಿ ಪಾನಕ ಕೋಸಂಬರಿ ಮುಗಿದು, ಜನ ಕೈ ಒರೆಸಿಕೊಂಡು ಕುರ್ಚಿ ಹಿಡಿದಿದ್ದರು. ಅಕ್ಕ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟು ವೇದಿಕೆಯ ಮೇಲೆ ಕೂತಿದ್ದಳು. ಎಡಕ್ಕೆ ಪಿಟೀಲಿನವರು, ಬಲಕ್ಕೆ ಮೃದಂಗದವರು, ಮುಂದೆ ಅವಳ ಫೋನು. ಫೋನಿನಿಂದ ಒಂದು ವೈರು ಮೈಕಿನವರ ಪೆಟ್ಟಿಗೆಗೆ ಹೋಗಿತ್ತು. ನಮ್ಮ ತಂಬೂರಿ ಇಡೀ ಬೀದಿಗೆ ಕೇಳಿಸುತ್ತಿತ್ತು. ಎಂಟು ಗಂಟೆಗೆ ಹರಿಕಥೆಯವರು ಬರುವವರಿದ್ದರು, ಅಷ್ಟರೊಳಗೆ ಅಕ್ಕ ಮುಗಿಸಬೇಕಿತ್ತು. ನಾನು, ಗೆಳೆಯ, ಭಾವ ಮೂರನೆಯ ಸಾಲಿನಲ್ಲಿ ಕೂತೆವು.

ಅಕ್ಕ ಶುರು ಮಾಡಿದಳು. ಮೊದಲ ದೀರ್ಘ ಸ್ವರ ಹಿಡಿದು ನಿಂತಳು. ಕಂಬದ ಹಾಗೆ ನಿಂತಿತು ಸ್ವರ.

"ಭೇಷ್!" ಅಂತು ಒಂದು ಗಂಭೀರ ಧ್ವನಿ, ಅಷ್ಟೂ ಸ್ಪೀಕರುಗಳಿಂದ.

ಜನ ಯಾರಪ್ಪಾ ಅಂತ ತಿರುಗಿ ತಿರುಗಿ ನೋಡಿದರು. ನನಗೆ ಆ ನಶ್ಯದ ಧ್ವನಿಯ ಗುರುತು ಸಿಕ್ಕಿತು. ಗೆಳೆಯನ ಕಡೆ ತಿರುಗಿದೆ. ಅವನು ಪೆಂಡಾಲಿನ ಛಾವಣಿಯ ಬಟ್ಟೆ ಪರೀಕ್ಷಿಸುತ್ತಿದ್ದ.

"ಏನೋ ಇದು?"

"ಹಾಡೋರ ಸ್ವರ ಸರಿಯಾಗಿ ನಿಂತ್ರೆ ಭೇಷ್ ಅನ್ನುತ್ತೆ. ಇವತ್ತು ಬೆಳಿಗ್ಗೆ ಹಾಕ್ದೆ."

"ಪ್ರಯೋಗ ಎಲ್ಲಾ ಆಫ್ ಅಂತ ಮಾತು ಕೊಟ್ಟಿದ್ದೆ!"

"ಪ್ರಯೋಗ ಎಲ್ಲಾ ಆಫೇ ಇದೆ. ಹೊಗಳೋದು ಪ್ರಯೋಗ ಹೇಗಾಗುತ್ತೆ ಗುರು? ಅದು ಸಂಸ್ಕಾರ."

ನಾನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವವನು. ವೇದಿಕೆಗೆ ಹೋಗಿ ಆಫ್ ಮಾಡಿಬರುತ್ತೇನೆ ಅಂತ ಎದ್ದೆ. ಅವನು ಅಂಗಿ ಹಿಡಿದು ಕೂರಿಸಿದ. "ಅಕ್ಕನ ಮುಖ ನೋಡು ಮೊದಲು," ಅಂದ. ನೋಡಿದೆ. ಅಕ್ಕನ ಮುಖ ದೀಪ ಹಚ್ಚಿದ ಹಾಗಿತ್ತು. ಯಾರೋ ದೊಡ್ಡ ವಿದ್ವಾಂಸರು ಬಂದು ಕೂತಿದ್ದಾರೆ ಅಂದುಕೊಂಡಿದ್ದಳು. ಭೇಷ್ ಅಂದಷ್ಟೂ ಚೆನ್ನಾಗಿ ಹಾಡಿದಳು, ಚೆನ್ನಾಗಿ ಹಾಡಿದಷ್ಟೂ ಅದು ಭೇಷ್ ಅಂತು. ನಾನು ಸುಮ್ಮನೆ ಕೂತೆ. ಪಿಟೀಲಿನವರು ಮಾತ್ರ ಎಷ್ಟು ಇಂಪಾಗಿ ನುಡಿಸಿದರೂ ಒಂದೂ ಭೇಷ್ ಬೀಳಲಿಲ್ಲ. ಪಾಪ, ಅವರು ಬಿರಡೆ ತಿರುಗಿಸಿದರು, ಕಮಾನಿಗೆ ರಾಳ ಉಜ್ಜಿದರು, ಸಭೆಯನ್ನು ಒಮ್ಮೆ ದುರುಗುಟ್ಟಿ ನೋಡಿದರು.

"ಪಿಟೀಲು ಅದಕ್ಕೆ ಇನ್ನೂ ಅರ್ಥ ಆಗಲ್ಲ," ಅಂತ ಗೆಳೆಯ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಅಕ್ಕ ಕಲ್ಯಾಣಿ ಆಲಾಪನೆ ಮುಗಿಸಿ ಕೃತಿಗೆ ಇನ್ನೇನು ಬಾಯಿ ತೆರೆಯಬೇಕು, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಮುಖ್ಯ ಅತಿಥಿಗಳು ಬಂದರು. ಹಿಂದೆ ಹಿಂಬಾಲಕರು, ಅವರ ಹಿಂದೆ ಹಾರ. ಕಾರ್ಯದರ್ಶಿಗಳು ಓಡಿಹೋಗಿ ಅಕ್ಕನಿಗೆ, "ಎರಡೇ ನಿಮಿಷ ಮೇಡಂ, ಶಾಲು ಹೊದಿಸಿ ಕಳಿಸಿಬಿಡ್ತೀವಿ," ಅಂದರು. ಎರಡು ನಿಮಿಷಕ್ಕೆ ಏಕೆ ಅಂತ ಅಕ್ಕ ತಂಬೂರಿ ನಿಲ್ಲಿಸಲಿಲ್ಲ.

ಅತಿಥಿಗಳು ಮೈಕ್ ಹಿಡಿದರು. ನಮ್ಮ ಕಡೆ ಭಾಷಣ ಮಾಡುವವರು ಮೊದಲ ಮಾತನ್ನು ಎಳೆಯುವ ಕ್ರಮ ನಿಮಗೆ ಗೊತ್ತೇ ಇದೆ. "ಬಂಧುಗಳೇ..." ಅಂತ ಆ ಕೊನೆಯ ಅಕ್ಷರವನ್ನು ಎಳೆದು ನಿಲ್ಲಿಸಿದರು. ಅವರ ಪುಣ್ಯವೋ ನಮ್ಮ ಪಾಪವೋ, ಅದು ಸರಿಯಾಗಿ ಪಂಚಮದ ಮೇಲೆ ಬಂದು ಕೂತಿತು.

"ಭೇಷ್!"

ಅತಿಥಿಗಳು ಚಕಿತರಾದರು. ಇಷ್ಟು ವರ್ಷ ಭಾಷಣ ಮಾಡಿದ್ದರೂ ಮೊದಲ ಮಾತಿಗೇ ಯಾರೂ ಹೀಗೆ ತಲೆದೂಗಿರಲಿಲ್ಲವೇನೋ. ಹಿನ್ನೆಲೆಯಲ್ಲಿ ತಂಬೂರಿ ಬೇರೆ. ಎದೆ ಉಬ್ಬಿಸಿ ಇನ್ನೊಮ್ಮೆ, "ಬಂಧುಗಳೇ..." ಅಂದರು. "ಭೇಷ್!" ಅಂತು. ಅಷ್ಟೇ, ಅವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ರಾಮರಾಜ್ಯದಿಂದ ಶುರುಮಾಡಿ ಚರಂಡಿ ಕಾಮಗಾರಿಗೆ ಬಂದರು, ಅಲ್ಲಿಂದ ತಮ್ಮ ಬಾಲ್ಯಕ್ಕೆ ಹೋದರು. ಎರಡು ವಾಕ್ಯಕ್ಕೊಂದು ಬಂಧುಗಳೇ, ಅದಕ್ಕೊಂದು ಭೇಷ್.

ಹರಿಕಥೆಯವರು ಆಗಲೇ ಬಂದು ಗೆಜ್ಜೆ ಕಟ್ಟಿಕೊಳ್ಳುತ್ತಿದ್ದರು. ಅಕ್ಕ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅವಳ ದಸರಾದಿಂದ ಈಚಿನ ದುಡಿಮೆ ನನ್ನ ಕ್ಷುಲ್ಲಕ ಆ್ಯಪಿನ ಕೈಯಲ್ಲಿ ಕರಗಿಹೋಗುತ್ತಿತ್ತು. ನನಗೆ ಅಳು ಬರುವುದೊಂದು ಬಾಕಿ. ಬಗ್ಗಿಕೊಂಡು ವೇದಿಕೆಯ ಹತ್ತಿರ ಓಡಿದೆ. ಕಾರ್ಯದರ್ಶಿಗಳು ಅಡ್ಡ ನಿಂತರು.

"ಸಾಹೇಬ್ರು ಮಾತಾಡ್ತಿದಾರೆ, ಎಲ್ಲಿಗ್ರೀ?"

"ಅಲ್ಲಿ ಮುಂದೆ ಇದ್ಯಲ್ಲಾ, ಆ ಫೋನ್ ಒಂದು..."

"ಫೋಟೋ ಸೆಲ್ಫಿ ಎಲ್ಲಾ ಆಮೇಲೆ," ಅಂತ ನನ್ನನ್ನು ಪಾನಕದ ಹಂಡೆಯ ಪಕ್ಕಕ್ಕೆ ತಳ್ಳಿದರು.

ಅಲ್ಲಿಂದಲೇ ನೋಡುತ್ತಿದ್ದೆ. ಮುಂದಿನ ಭೇಷ್ ಬಂದಾಗ ಅಕ್ಕನ ಕಣ್ಣು ಫೋನಿನ ಮೇಲೆ ಬಿತ್ತು. ತೆರೆಯ ಮೇಲೆ ಭೇಷ್ ಅನ್ನುವ ಅಕ್ಷರ ಮಿನುಗುತ್ತಿತ್ತು. ಅವಳಿಗೆ ಎಲ್ಲ ಅರ್ಥವಾಯಿತು. ಇಷ್ಟು ಹೊತ್ತು ತನ್ನನ್ನು ಹೊಗಳಿದವರು ಯಾರು ಅನ್ನುವುದೂ ಅರ್ಥವಾಯಿತು. ಆ ಮುಖ ಬಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವಳು ಕೈ ಚಾಚಿ ಆ ಅಕ್ಷರವನ್ನು ಒತ್ತಿ ಆಫ್ ಮಾಡಿದಳು.

"ಬಂಧುಗಳೇ..." ಅಂದರು ಅತಿಥಿಗಳು. ಕಾದರು. ಏನೂ ಇಲ್ಲ. ಕೆಮ್ಮಿ, ಇನ್ನೂ ಉದ್ದಕ್ಕೆ ಎಳೆದರು. ತಂಬೂರಿ ಮಾತ್ರ ತನ್ನ ಪಾಡಿಗೆ ಮೀಟುತ್ತಿತ್ತು. ಮೂರನೆಯ ಸಲ ಎಳೆದು ಉಸಿರು ಸಾಲದೆ ನಿಲ್ಲಿಸಿದರು. ತಿಳಿದವರು ಎದ್ದುಹೋದರು ಅನ್ನಿಸಿರಬೇಕು. "ಸಮಯದ ಅಭಾವದಿಂದ ಇಷ್ಟಕ್ಕೇ ನಿಲ್ಲಿಸ್ತೀನಿ," ಅಂತ ಹೊರಟೇಬಿಟ್ಟರು.

ಅಕ್ಕ ಹರಿಕಥೆಯವರ ಕಡೆ ನೋಡಿ ಕೈ ಮುಗಿದಳು. ಅವರು ದೊಡ್ಡ ಮನುಷ್ಯರು, ಗೆಜ್ಜೆ ಬಿಚ್ಚಿಟ್ಟು, "ನಿಧಾನಕ್ಕೆ ಹಾಡಮ್ಮ," ಅಂದರು. ಅವಳು ಕೃತಿ ಎತ್ತಿಕೊಂಡಳು. ಯಾವ ಯಂತ್ರದ ಹೊಗಳಿಕೆಯ ಹಂಗೂ ಇಲ್ಲದೆ, ಯಾರೂ ಕೇಳದಿದ್ದರೂ ಹಾಡುತ್ತೇನೆ ಅನ್ನುವ ಹಟದಲ್ಲಿ ಹಾಡಿದಳು. ಮೇಲಿನ ಷಡ್ಜ ಹಿಡಿದು ನಿಂತಾಗ ಸಭೆ ಒಂದು ಕ್ಷಣ ಕಾಯಿತು. ಸಂಜೆಯಿಂದ ಅಲ್ಲೊಂದು ಭೇಷ್ ಕೇಳಿ ಅಭ್ಯಾಸವಾಗಿತ್ತಲ್ಲ, ಅದು ಬರದಿದ್ದಾಗ ಎಲ್ಲರಿಗೂ ಏನೋ ಕಡಿಮೆಯಾದ ಹಾಗಾಯಿತು. ಹಿಂದಿನ ಸಾಲಿನಿಂದ ಯಾರೋ ತಾವೇ, "ಭೇಷ್!" ಅಂದರು. ಮುಂದಿನವರು ಅಂದರು. ಆಮೇಲೆ ಪೆಂಡಾಲೇ ಅಂತು. ನನಗೆ ಕಣ್ಣು ಮಂಜಾಯಿತು, ಪಾನಕದ ಹಂಡೆ ಹಿಡಿದುಕೊಂಡು ನಿಂತಿದ್ದೆ.

ಮಾರನೆಯ ಬೆಳಿಗ್ಗೆ ನಾನೂ ಗೆಳೆಯನೂ ತಪ್ಪಿತಸ್ಥರ ಹಾಗೆ ಅಕ್ಕನ ಮನೆಗೆ ಹೋದೆವು. ಅವಳು ಕಾಫಿ ತಂದಿಟ್ಟಳು. ನಾನೇ ಶುರು ಮಾಡಿದೆ.

"ಅಕ್ಕ, ಆ ಭೇಷ್‌ನ ಡೀಫಾಲ್ಟಾಗಿ ಆಫ್ ಮಾಡಿದೀವಿ. ಇನ್ಮೇಲೆ ಯಾರ ಫೋನಲ್ಲೂ ಅದು ತಾನಾಗೇ ಬರಲ್ಲ."

"ಊರಿಗೆಲ್ಲಾ ಆಫ್ ಮಾಡ್ಕೋ. ನನ್ನ ಫೋನಲ್ಲಿ ಆನ್ ಮಾಡ್ಕೊಟ್ಟು ಹೋಗು."

"ನಿನ್ನೆ ಅಷ್ಟೆಲ್ಲಾ ಆದ್ಮೇಲೂ?"

"ಪೆಂಡಾಲಲ್ಲಿ ಬೇಡ ಕಣೋ, ಅಲ್ಲಿ ಜನ ಇದಾರೆ, ಅವರೇ ಅಂತಾರೆ. ಮನೇಲಿ ಬೇಕು. ಮದುವೆ ಆಗಿ ಬಂದಾಗಿಂದ ಇದೇ ನಡುಮನೇಲಿ ಹಾಡ್ತಿದೀನಿ. ನಿಮ್ಮ ಭಾವ ಒಂದೇ ಒಂದ್ಸಲ ಭೇಷ್ ಅಂದಿದ್ದು ಕೇಳಿದೀಯಾ ನೀನು?"

ಭಾವ ಪೇಪರ್ ಕೆಳಗಿಳಿಸಿದರು. "ಒಳಗೊಳಗೇ ದಿನಾ ಅಂತೀನಿ ಕಣೇ. ಹೊರಗಡೆಗೆ ನಾನು ಡೀಫಾಲ್ಟಾಗಿ ಆಫು. ಬೇಕಾದೋರು ಆನ್ ಮಾಡ್ಕೋಬೇಕು. ಇವರ ರೂಲ್ಸೂ ಅದೇ ತಾನೇ?"

ಅಕ್ಕ ಅವರ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು.

"ಸ್ವಿಚ್ ಎಲ್ಲಿದೆ ಅಂತ ಮದುವೆ ಆದ ವರ್ಷವೇ ನಿಮ್ಮಮ್ಮನ್ನ ಕೇಳಿದ್ದೆ ಕಣ್ರೀ. ಅವರಿಗೂ ಸಿಕ್ಕಿರ್ಲಿಲ್ವಂತೆ!"